ಪಿಸ್ತೂಲು ಆಸ್ಪತ್ರೆಯೊಳಗೆ ಬರಬಾರದು; ಹಾಗಾದರೆ ಎಲ್ಲಿರಬೇಕು?

ಅಮೆರಿಕದ ಅನೇಕ ಆಸ್ಪತ್ರೆಗಳ ಮುಂಬಾಗಿಲಿನ ಗಾಜಿನ ಮೇಲೆ, ಒಳಗೆ ಬಂದೂಕು ತರಬಾರದೆಂದು ತಿಳಿಸುವ ಫಲಕವೊಂದು ಅಂಟಿಕೊಂಡಿರುತ್ತದೆ. ಟೆಕ್ಸಾಸ್ ರಾಜ್ಯದ ದಂಡ ಸಂಹಿತೆಯ 30.06ನೆಯ ಕಲಮಿನ ಪ್ರಕಾರ ಇಂಥ ಫಲಕದ ಅಕ್ಷರಗಳು ಕನಿಷ್ಠ ಒಂದು ಅಂಗುಲ ಎತ್ತರವಿರಬೇಕು, ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣದಲ್ಲಿರಬೇಕು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡೂ ಭಾಷೆಗಳಲ್ಲಿರಬೇಕು. ಅಕ್ಷರದ ಎತ್ತರದವರೆಗೆ ಯೋಚಿಸಿದ ಈ ಕಾನೂನು, ಫಲಕವನ್ನು ಓದಿಕೊಂಡು ಬಾಗಿಲಲ್ಲೇ ನಿಂತವನು ತನ್ನ ಸೊಂಟದಲ್ಲಿರುವ ಪಿಸ್ತೂಲನ್ನು ಏನು ಮಾಡಬೇಕು ಎಂಬುದನ್ನು ಮಾತ್ರ ಅವನಿಗೇ ಬಿಟ್ಟಿದೆ. ಕಾನೂನುಬದ್ಧವಾಗಿ ಪಿಸ್ತೂಲು ಒಯ್ಯುವವರು ಆಸ್ಪತ್ರೆಗೆ ಬಂದಾಗ ಎದುರಾಗುವ ಅಪಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಖಾಲಿ ಜಾಗದಲ್ಲಿ.

ಪ್ರಶ್ನೆ ಹಳೆಯದೇ ಆದರೂ ಕೆಲವು ವರ್ಷಗಳಿಂದ ಅದರ ವ್ಯಾಪ್ತಿ ಬೆಳೆದಿದೆ. 2022ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟು ‘ಬ್ರೂಯನ್’ ಪ್ರಕರಣದಲ್ಲಿ, ಆತ್ಮರಕ್ಷಣೆಗಾಗಿ ಪಿಸ್ತೂಲನ್ನು ಮನೆಯ ಹೊರಗೂ ಒಯ್ಯುವುದು ಸಂವಿಧಾನದ ಎರಡನೆಯ ತಿದ್ದುಪಡಿ ನೀಡಿದ ಹಕ್ಕು ಎಂದು 6–3ರ ಬಹುಮತದಿಂದ ತೀರ್ಪಿತ್ತಿತು. ಅದಕ್ಕೂ ಮುಂಚಿನಿಂದಲೇ ರಾಜ್ಯಗಳು ಒಂದೊಂದಾಗಿ ಪರವಾನಗಿಯ ಅಗತ್ಯವನ್ನು ಕೈಬಿಡುತ್ತ ಬಂದಿದ್ದವು. 2024ರಲ್ಲಿ ದಕ್ಷಿಣ ಕೆರೊಲಿನಾ ಮತ್ತು ಲೂಸಿಯಾನಾ ಸೇರಿಕೊಂಡ ಮೇಲೆ, 50ರಲ್ಲಿ 29 ರಾಜ್ಯಗಳಲ್ಲಿ ಅರ್ಹ ವಯಸ್ಕರು ಪರವಾನಗಿಯೇ ಇಲ್ಲದೆ ಪಿಸ್ತೂಲನ್ನು ಬಟ್ಟೆಯೊಳಗೆ ಮರೆಮಾಡಿ ಒಯ್ಯಬಹುದಾಗಿದೆ. ಪರವಾನಗಿ ಬೇಡವೆಂದಾಗ, ಅನೇಕ ರಾಜ್ಯಗಳಲ್ಲಿ ಅದರ ಜೊತೆಗೆ ಬರುತ್ತಿದ್ದ ಕೆಲವು ಗಂಟೆಗಳ ಕಡ್ಡಾಯ ತರಬೇತಿಯೂ ಹೋಯಿತು. ಎಲ್ಲಿಗೆ ಒಯ್ಯಬಾರದು, ಬಿಟ್ಟು ಹೋಗಬೇಕಾಗಿ ಬಂದಾಗ ಹೇಗೆ ಇಡಬೇಕು ಎಂಬುದನ್ನು ಸಾಮಾನ್ಯನೊಬ್ಬ ಕೇಳಿಸಿಕೊಳ್ಳುತ್ತಿದ್ದುದು ಆ ತರಗತಿಯಲ್ಲೇ.

ಆಸ್ಪತ್ರೆಯಲ್ಲಿ ಬಂದೂಕನ್ನು ನಿಷೇಧಿಸುವುದು ಸಂವಿಧಾನಬದ್ಧವೇ ಎಂಬುದೇ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಶಾಲೆ, ಸರ್ಕಾರಿ ಕಟ್ಟಡ, ಶಾಸನಸಭೆ, ಮತಗಟ್ಟೆ, ನ್ಯಾಯಾಲಯ ಇವುಗಳನ್ನು ಬಂದೂಕು ನಿಷೇಧಿಸಬಹುದಾದ ‘ಸೂಕ್ಷ್ಮ ಸ್ಥಳ’ಗಳೆಂದು ಬ್ರೂಯನ್ ತೀರ್ಪು ಹೆಸರಿಸಿತು, ಆ ಪಟ್ಟಿಯಲ್ಲಿ ಆಸ್ಪತ್ರೆ ಇರಲಿಲ್ಲ. ನ್ಯೂಯಾರ್ಕ್ ಕೂಡಲೇ ಹೊಸ ಕಾನೂನು ತಂದು, 2022ರ ಸೆಪ್ಟೆಂಬರ್ 1ರಿಂದ ಆರೋಗ್ಯ ಸೇವೆ ನೀಡುವ ಎಲ್ಲ ಸ್ಥಳಗಳನ್ನೂ ಸೂಕ್ಷ್ಮ ಸ್ಥಳಗಳ ಪಟ್ಟಿಗೆ ಸೇರಿಸಿತು. ಕ್ಯಾಲಿಫೋರ್ನಿಯಾ 2023ರಲ್ಲಿ ಅದೇ ದಾರಿ ಹಿಡಿಯಿತು. ಆದರೆ ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿ ಚಿಕಿತ್ಸೆಯ ಸ್ಥಳಗಳ ಮೇಲಿನ ನಿಷೇಧವನ್ನು ನ್ಯೂಯಾರ್ಕ್ ಭಾಗದ ಎರಡನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಉಳಿಸಿಕೊಟ್ಟರೆ, ಪಶ್ಚಿಮ ಕರಾವಳಿಯ ಒಂಬತ್ತನೆಯ ಸರ್ಕಿಟ್ 2024ರ ಸೆಪ್ಟೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಆಸ್ಪತ್ರೆ ನಿಷೇಧಕ್ಕೆ ಕೆಳ ನ್ಯಾಯಾಲಯ ನೀಡಿದ್ದ ತಡೆಯನ್ನು ಎತ್ತಿಹಿಡಿಯಿತು. ಹಾಗೆಂದ ಮಾತ್ರಕ್ಕೆ ಅಲ್ಲಿನ ಆಸ್ಪತ್ರೆಗಳೊಳಗೆ ಪಿಸ್ತೂಲು ಸಲೀಸಾಗಿ ಹೋಗುತ್ತದೆಂದು ಅರ್ಥವಲ್ಲ. ಆಸ್ಪತ್ರೆಯ ಆಡಳಿತ ತನ್ನ ಆವರಣದ ಮಾಲೀಕನಾಗಿ ‘ಇಲ್ಲಿ ಬೇಡ’ ಎನ್ನುವ ಹಕ್ಕನ್ನು ಉಳಿಸಿಕೊಂಡೇ ಇದೆ. ನ್ಯಾಯಾಲಯದ ಜಗಳ ಯಾವ ಕಡೆಗೆ ಮುಗಿದರೂ, ಬಾಗಿಲಲ್ಲಿ ನಿಂತವನ ಕೈಯಲ್ಲಿರುವ ವಸ್ತುವಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಸಾಮಾನ್ಯವಾಗಿ ಅದಕ್ಕೆ ಸಿಗುವ ಉತ್ತರ ‘ಕಾರಿನಲ್ಲಿಟ್ಟು ಬನ್ನಿ’ ಎಂಬುದು. ಟೆಕ್ಸಾಸ್ ಕಾನೂನಿನಲ್ಲಿ ಆಸ್ಪತ್ರೆಯ ‘ಆವರಣ’ ಎಂದರೆ ಕಟ್ಟಡ ಅಥವಾ ಕಟ್ಟಡದ ಭಾಗ ಮಾತ್ರ. ಪಾರ್ಕಿಂಗ್ ಜಾಗ ಅದರಲ್ಲಿ ಸೇರುವುದಿಲ್ಲ. ಫ್ಲಾರಿಡಾ 2008ರಲ್ಲಿ, ಟೆಕ್ಸಾಸ್ 2011ರಲ್ಲಿ ಮಾಡಿದ ಕಾನೂನುಗಳ ಪ್ರಕಾರ ನೌಕರನೊಬ್ಬ ತನ್ನ ಕಾರಿಗೆ ಬೀಗ ಹಾಕಿ ಅದರಲ್ಲಿಟ್ಟ ಬಂದೂಕಿಗೆ ಕೆಲಸ ಕೊಟ್ಟ ಸಂಸ್ಥೆ ಸಾಮಾನ್ಯವಾಗಿ ಅಡ್ಡಿ ಮಾಡುವಂತಿಲ್ಲ. ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ಹೋಗುವ ನರ್ಸ್‌ಗೂ ಇದು ಅನ್ವಯಿಸುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಮಾಜಿ ಯೋಧರಿಗಾಗಿ ಫೆಡರಲ್ ಸರ್ಕಾರ ನಡೆಸುವ ಆಸ್ಪತ್ರೆಗಳ ನಿಯಮ. ಅಲ್ಲಿ ನಿಷೇಧ ಕಟ್ಟಡಕ್ಕಷ್ಟೇ ಅಲ್ಲದೆ ಇಡೀ ಜಮೀನಿಗೆ ಅನ್ವಯಿಸುತ್ತದೆ. ಪರವಾನಗಿ ಇದ್ದರೂ, ಮರೆಮಾಡಿಕೊಂಡಿದ್ದರೂ, ಒಳಗೆ ತರುವಂತಿಲ್ಲ. ಹೀಗಾಗಿ ದೇಶದಲ್ಲೇ ಬಂದೂಕಿನ ಅಭ್ಯಾಸ ಅತಿ ಹೆಚ್ಚಿರುವ ರೋಗಿಗಳ ಗುಂಪೊಂದು, ಅತಿ ಬಿಗಿಯಾದ ನಿಯಮವಿರುವ ಆಸ್ಪತ್ರೆಗಳಿಗೆ ಹೋಗಿ ಬರುತ್ತಿರುತ್ತದೆ. ರಸ್ತೆಯ ಈ ಬದಿಯ ಖಾಸಗಿ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸಕ್ರಮವಾದದ್ದು ಆ ಬದಿಯ ಯೋಧರ ಆಸ್ಪತ್ರೆಯ ಗೇಟು ದಾಟಿದೊಡನೆ ಅಪರಾಧವಾಗುತ್ತದೆ.

ಕಾರಿನಲ್ಲಿಡುವುದು ಸಕ್ರಮವಾದ ಕಡೆಯೂ ಅದು ಸುರಕ್ಷಿತವೆಂದು ಹೇಳುವಂತಿಲ್ಲ. 2017ರಿಂದ 2021ರವರೆಗಿನ ಐದು ವರ್ಷಗಳಲ್ಲಿ ಅಮೆರಿಕದ ಖಾಸಗಿ ವ್ಯಕ್ತಿಗಳಿಂದ ಕಳುವಾದವೆಂದು ವರದಿಯಾದ ಬಂದೂಕುಗಳ ಸಂಖ್ಯೆ 10 ಲಕ್ಷವನ್ನು ಮೀರುತ್ತದೆ. ಬಂದೂಕು ನಿಯಂತ್ರಣದ ಪರವಾಗಿರುವ ‘ಎವ್ರಿಟೌನ್’ ಸಂಸ್ಥೆ ಪೊಲೀಸ್ ದಾಖಲೆಗಳನ್ನು ಆಧರಿಸಿ ಮಾಡಿದ ಲೆಕ್ಕದಂತೆ, 2022ರಲ್ಲಿ ಕಳುವಾದ ಬಂದೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಕಾರುಗಳಿಂದ. ಒಂದು ದಶಕದ ಹಿಂದೆ ಈ ಪಾಲು ಸುಮಾರು ಕಾಲು ಭಾಗವಾಗಿತ್ತು. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಂದರುಕಟ್ಟೆಯ ಮೇಲೆ ತಂದೆಯೊಂದಿಗೆ ನಡೆದು ಹೋಗುತ್ತಿದ್ದ ಯುವತಿಯೊಬ್ಬಳ ಪ್ರಾಣ ತೆಗೆದ ಗುಂಡು ಹಾರಿದ್ದು, ಕೆಲವೇ ದಿನ ಮೊದಲು ಫೆಡರಲ್ ಅಧಿಕಾರಿಯೊಬ್ಬರ ನಿಲ್ಲಿಸಿದ ಕಾರಿನಿಂದ ಕದ್ದ ಪಿಸ್ತೂಲಿನಿಂದ. ತರಬೇತಿ ಪಡೆದ ಅಧಿಕಾರಿಯ ಕಾರಿನ ಪಾಡೇ ಇದಾದರೆ, ಹೆರಿಗೆ ನೋವಿನ ಹೆಂಡತಿಯನ್ನು ಕರೆತಂದು ಅವಸರದಲ್ಲಿ ಕಾರು ನಿಲ್ಲಿಸಿ ಓಡಿದವನದು ಹೇಳಬೇಕಾಗಿಲ್ಲ.

ಆಸ್ಪತ್ರೆಯ ಪಾರ್ಕಿಂಗ್ ಕಳ್ಳನಿಗೆ ವಿಶೇಷ ಅನುಕೂಲದ ಜಾಗ. ಹಗಲು ರಾತ್ರಿ ಅಲ್ಲಿ ಕಾರುಗಳಿರುತ್ತವೆ. ಬಂದವರು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಿಂತಿರುಗುವುದಿಲ್ಲ. ಅವರ ಮನಸ್ಸು ಕಾರಿನ ಮೇಲಿರುವುದಿಲ್ಲ. ಬಾಗಿಲಲ್ಲಿ ನಿಷೇಧದ ಫಲಕವಿರುವುದರಿಂದ ಕಾರಿನಲ್ಲಿ ಪಿಸ್ತೂಲು ಉಳಿದಿರಬಹುದೆಂಬ ಊಹೆಯೂ ಸುಲಭ. ಹಿಂಬದಿಯ ಗಾಜಿಗೆ ಬಂದೂಕು ಕಂಪನಿಯ ಸ್ಟಿಕ್ಕರ್ ಅಂಟಿಸಿಕೊಳ್ಳುವ ಚಟವಿರುವವರು ಆ ಊಹೆಯ ಶ್ರಮವನ್ನೂ ಉಳಿಸಿಕೊಡುತ್ತಾರೆ. ಸೀಟಿನ ಅಡಿ, ಬಾಗಿಲ ಪಕ್ಕದ ಜೇಬು, ಡ್ಯಾಶ್‌ಬೋರ್ಡಿನ ಖಾನೆಯಾದ ಗ್ಲೋವ್ ಬಾಕ್ಸ್ ಇವು ಕಳ್ಳ ಮೊದಲು ಕೈಹಾಕುವ ಜಾಗಗಳು. ನ್ಯೂಯಾರ್ಕ್ ಕಾನೂನು ಗ್ಲೋವ್ ಬಾಕ್ಸನ್ನು ಸುರಕ್ಷಿತ ಜಾಗವೆಂದು ಒಪ್ಪುವುದಿಲ್ಲವೆಂದು ನೇರವಾಗಿಯೇ ಹೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 2017ರಿಂದ, ಕೊಲೊರಾಡೋದಲ್ಲಿ 2025ರ ಜನವರಿ 1ರಿಂದ, ಬಿಟ್ಟುಹೋದ ಕಾರಿನಲ್ಲಿ ಪಿಸ್ತೂಲು ಹೊರಗಿನವರ ಕಣ್ಣಿಗೆ ಬೀಳದಂತೆ ಬೀಗದೊಳಗಿರಬೇಕು. ಕೊಲೊರಾಡೋ ಆ ಪೆಟ್ಟಿಗೆಯ ಹೊರಮೈ ಗಟ್ಟಿಯಾಗಿರಬೇಕೆಂದೂ ಕೇಳುತ್ತದೆ. ಉಕ್ಕಿನ ಸಣ್ಣ ಪೆಟ್ಟಿಗೆಯೊಂದನ್ನು ಸೀಟಿನ ಚೌಕಟ್ಟಿಗೆ ಉಕ್ಕಿನ ಕೇಬಲ್ಲಿನಿಂದ ಕಟ್ಟಿ, ಅದರೊಳಗೆ ಪಿಸ್ತೂಲಿಟ್ಟು ಬೀಗ ಹಾಕುವುದು ಈಗ ಸಾಮಾನ್ಯವಾಗಿ ಕೊಡುವ ಸಲಹೆ. ಕೇಬಲ್ ಇಲ್ಲದ ಪೆಟ್ಟಿಗೆಯನ್ನು ಕಳ್ಳ ಪೆಟ್ಟಿಗೆಸಮೇತ ಒಯ್ಯುತ್ತಾನೆ, ಆಮೇಲೆ ನಿಧಾನವಾಗಿ ತೆರೆಯುತ್ತಾನೆ.

ಇಲ್ಲಿ ಕಾನೂನು ಬರೆಯುವವರು ಹೆಚ್ಚಾಗಿ ಗಮನಿಸದ ಇನ್ನೊಂದು ಅಪಾಯವಿದೆ. ಸೊಂಟದ ಹೋಲ್‌ಸ್ಟರಿನೊಳಗೆ (ಬೆಲ್ಟಿಗೆ ಸಿಕ್ಕಿಸುವ ಪಿಸ್ತೂಲಿನ ಒರೆ), ಟ್ರಿಗರ್ ಮುಚ್ಚಿಕೊಂಡು ಕುಳಿತ ಪಿಸ್ತೂಲು ತಾನಾಗಿ ಹಾರುವುದು ಬಲು ಅಪರೂಪ. ಅದನ್ನು ಹೊರತೆಗೆದು, ಖಾಲಿ ಮಾಡಿ, ಮತ್ತೆ ತುಂಬಿ, ಮತ್ತೆ ಸಿಕ್ಕಿಸಿಕೊಳ್ಳುವ ಕೆಲಸದಲ್ಲೇ ಆಕಸ್ಮಿಕ ಗುಂಡು ಹಾರುತ್ತದೆ. ಸ್ಟಿಯರಿಂಗ್ ಚಕ್ರಕ್ಕೂ ಹೊಟ್ಟೆಗೂ ನಡುವಿನ ಇಕ್ಕಟ್ಟಿನಲ್ಲಿ, ಹೊರಗಿನವರಿಗೆ ಕಾಣಬಾರದೆಂದು ಬಗ್ಗಿಕೊಂಡು, ಗುಂಡುಗಳು ತುಂಬಿರುವ ಮ್ಯಾಗಜೀನನ್ನು ಕಳಚಿ ಪಕ್ಕಕ್ಕಿಟ್ಟವನು ಪಿಸ್ತೂಲು ಖಾಲಿಯಾಯಿತೆಂದು ಭಾವಿಸುತ್ತಾನೆ. ಮ್ಯಾಗಜೀನ್ ಹೊರಬಂದರೂ ಚೇಂಬರಿಗೆ, ಅಂದರೆ ನಳಿಕೆಯ ಹಿಂತುದಿಯ ಗೂಡಿಗೆ, ಮೊದಲೇ ಏರಿದ್ದ ಒಂದು ಗುಂಡು ಅಲ್ಲೇ ಉಳಿದಿರುತ್ತದೆ. ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡನ್ನು ಪೂರ್ತಿ ಹಿಂದಕ್ಕೆಳೆದು ಅದನ್ನು ಹೊರಹಾಕಿ, ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳದ ಹೊರತು ಪಿಸ್ತೂಲು ಖಾಲಿಯಲ್ಲ. ಆ ಹೊತ್ತಿನಲ್ಲಿ ನಳಿಕೆಯ ಮುಂದಿರುವುದು ಅವನದೇ ತೊಡೆಯೋ, ಪಕ್ಕದ ಕಾರಿನಿಂದ ಇಳಿಯುತ್ತಿರುವ ಮಗುವೋ ಆಗಿರಬಹುದು. ಆದ್ದರಿಂದಲೇ ಅನುಭವಸ್ಥ ತರಬೇತುದಾರರು ಹೇಳುವುದು: ಪಿಸ್ತೂಲನ್ನು ಹೋಲ್‌ಸ್ಟರಿನಿಂದ ತೆಗೆಯಲೇಬೇಡಿ, ಹೋಲ್‌ಸ್ಟರ್ ಸಮೇತ ಬೆಲ್ಟಿನಿಂದ ಬಿಡಿಸಿ ಹಾಗೆಯೇ ಪೆಟ್ಟಿಗೆಗೆ ಹಾಕಿ ಬೀಗ ಹಾಕಿ.

ತೊಡಕು ಬರುವುದು ಇಲ್ಲೇ. ನ್ಯೂಯಾರ್ಕ್ ಕಾನೂನು ಕಾರಿನಲ್ಲಿ ಬಿಡುವ ಬಂದೂಕಿನಿಂದ ಗುಂಡುಗಳನ್ನು ಮೊದಲು ತೆಗೆಯಬೇಕೆನ್ನುತ್ತದೆ. ಕಳ್ಳತನದ ದೃಷ್ಟಿಯಿಂದ ಅದು ಸರಿ, ಆದರೆ ಹಾಗೆ ಮಾಡಲು ಕಾರಿನ ಸೀಟು ಅತಿ ಕೆಟ್ಟ ಜಾಗ. ಎರಡನ್ನೂ ಪಾಲಿಸಬೇಕಾದವನಿಗೆ ಇರುವ ದಾರಿ, ಖಾಲಿ ಮಾಡುವ ಕೆಲಸವನ್ನು ಮನೆಯಲ್ಲೇ ಮುಗಿಸಿ, ಪೆಟ್ಟಿಗೆಗೆ ಬೀಗ ಹಾಕಿಯೇ ಹೊರಡುವುದು. ಹಾಗೆ ಮಾಡುವಷ್ಟು ಮುಂದಾಲೋಚನೆ ಇದ್ದವನು ಪಿಸ್ತೂಲನ್ನು ಮನೆಯಲ್ಲೇ ಬಿಟ್ಟು ಬರಬಹುದಲ್ಲವೇ ಎಂದು ಯಾರಾದರೂ ಕೇಳಿದರೆ, ನನ್ನ ಮಟ್ಟಿಗೆ ಅದೇ ಸರಿಯಾದ ಪ್ರಶ್ನೆ. ಮೊದಲೇ ಗೊತ್ತುಮಾಡಿಕೊಂಡ ಭೇಟಿ, ತಪಾಸಣೆ, ಸ್ಕ್ಯಾನ್, ನಿಗದಿಯಾದ ಶಸ್ತ್ರಚಿಕಿತ್ಸೆ ಇವುಗಳಿಗೆ ಬರುವವರು ಮನೆಯ ಕಪಾಟಿನಲ್ಲಿ ಬೀಗ ಹಾಕಿ ಬರುವುದಕ್ಕಿಂತ ಉತ್ತಮವಾದ ವ್ಯವಸ್ಥೆ ಬೇರೊಂದಿಲ್ಲ. ಅದರಲ್ಲೂ ಅರಿವಳಿಕೆ ಕೊಡುವ ದಿನ, ಹಿಂದಿರುಗುವಾಗ ತಲೆ ತೂಗುತ್ತಿರುವವನ ಕೈಗೆ ಪಿಸ್ತೂಲು ಮರಳುವ ಸಂದರ್ಭವೇ ಬರಬಾರದು. ಇನ್ನು ಕಾರಿನಲ್ಲೇ ಬಿಡಬೇಕಾದವರು ಪೆಟ್ಟಿಗೆಯ ಕೆಲಸವನ್ನು ಪಾರ್ಕಿಂಗಿಗೆ ಬರುವ ಮುಂಚೆಯೇ ಮುಗಿಸಿರಬೇಕು. ಅಲ್ಲಿಗೆ ಬಂದು ತಡಕಾಡುವುದನ್ನು ನೋಡಲೆಂದೇ ಕಾದಿರುವವರು ಇರುತ್ತಾರೆ.

ಫಲಕವನ್ನು ಲೆಕ್ಕಿಸದೆ, ‘ಯಾರಿಗೂ ಕಾಣುವುದಿಲ್ಲವಲ್ಲ’ ಎಂದು ಪಿಸ್ತೂಲಿನೊಂದಿಗೇ ಒಳಗೆ ಹೋಗುವವರೂ ಉಂಟು. ಅಂಥವರಿಗೆ ಕಾನೂನಿಗಿಂತ ಕಠಿಣವಾಗಿ ಪಾಠ ಹೇಳಿರುವುದು ಎಂಆರ್‌ಐ ಯಂತ್ರ. ಸಾಮಾನ್ಯ ಎಂಆರ್‌ಐನ 1.5 ಟೆಸ್ಲಾ ಆಯಸ್ಕಾಂತ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಪ್ರಬಲ; ಸ್ಕ್ಯಾನ್ ನಡೆಯದ ಹೊತ್ತಿನಲ್ಲೂ ಅದು ಚಾಲೂ ಇರುತ್ತದೆ. 2000ದಲ್ಲಿ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಭಾಗದ ಸ್ಕ್ಯಾನಿಂಗ್ ಕೇಂದ್ರವೊಂದಕ್ಕೆ, ಕರ್ತವ್ಯದ ಮೇಲಿರದ ಪೊಲೀಸ್ ಅಧಿಕಾರಿಯೊಬ್ಬರು ತಮ್ಮದೇ ಸ್ಕ್ಯಾನಿಗಾಗಿ ಬಂದರು. ಪಿಸ್ತೂಲಿದೆ ಎಂದು ಅವರು ಹೇಳಿಯೂ ಇದ್ದರು. ಆದರೆ ಅದನ್ನು ಎಲ್ಲಿಡಬೇಕೆಂಬ ಮಾತಿನಲ್ಲಿ ಅವರಿಗೂ ತಂತ್ರಜ್ಞರಿಗೂ ತಾಳೆಯಾಗಲಿಲ್ಲ. ಯಂತ್ರದ ಕೋಣೆಯೊಳಗಿನ ಕಪಾಟಿನ ಮೇಲೆ ಇಡಹೋದಾಗ ಪಿಸ್ತೂಲು ಅವರ ಕೈಯಿಂದ ಕಿತ್ತುಕೊಂಡು ಆಯಸ್ಕಾಂತಕ್ಕೆ ಬಡಿಯಿತು, ಗುಂಡು ಹಾರಿ ಗೋಡೆಗೆ ಹೊಕ್ಕಿತು. ಯಾರೂ ಟ್ರಿಗರ್ ಮುಟ್ಟಿರಲಿಲ್ಲ, ಸುರಕ್ಷತಾ ಗುಂಡಿ ಹಾಕಿಯೇ ಇತ್ತು. ಒಳಗಿನ ಸಣ್ಣ ಉಕ್ಕಿನ ಭಾಗವೊಂದನ್ನು ಕಾಂತಕ್ಷೇತ್ರವೇ ಸರಿಸಿತ್ತೆಂಬುದು ಆಮೇಲೆ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ವಿವರಣೆ.

ಆ ದಿನ ಯಾರಿಗೂ ಗಾಯವಾಗಲಿಲ್ಲ. 2023ರ ಜನವರಿಯಲ್ಲಿ ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ತಾಯಿಯನ್ನು ಸ್ಕ್ಯಾನಿಗೆ ಕರೆದೊಯ್ದಿದ್ದ ವಕೀಲರೊಬ್ಬರು, ಲೋಹದ ವಸ್ತುಗಳನ್ನು ಹೊರಗಿಡಬೇಕೆಂದು ತಿಳಿಸಿದ್ದರೂ ಸೊಂಟದ ಪಿಸ್ತೂಲಿನ ವಿಷಯ ಹೇಳದೆ ಕೋಣೆಗೆ ಹೋಗಿ, ಅದರ ಗುಂಡು ಹೊಟ್ಟೆಗೆ ತಗುಲಿ ಮುಂದಿನ ತಿಂಗಳು ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಅಮೆರಿಕದ 57 ವರ್ಷದ ಮಹಿಳೆಯೊಬ್ಬರಿಗೆ ತಾವೇ ಮರೆಮಾಡಿ ಒಯ್ದಿದ್ದ ಪಿಸ್ತೂಲಿನಿಂದ ಹೀಗೆಯೇ ಪೃಷ್ಠಕ್ಕೆ ಗುಂಡು ತಗುಲಿತು. ಮರೆಮಾಡುವುದು ಅಭ್ಯಾಸವಾದವನಿಗೆ ‘ಮೈಮೇಲೆ ಲೋಹವೇನಾದರೂ ಇದೆಯೇ’ ಎಂಬ ಪ್ರಶ್ನೆಗೆ ಬಳೆ, ಉಂಗುರ, ಕೀಲಿಗಳು ನೆನಪಾಗುತ್ತವೆ, ಪಿಸ್ತೂಲು ನೆನಪಾಗುವುದಿಲ್ಲ. ನೆನಪಾದರೂ ಹೇಳಲು ಸಂಕೋಚ. ಹಾಗಾಗಿ ಸ್ಕ್ಯಾನ್ ಕೇಂದ್ರಗಳು ತಮ್ಮ ಅರ್ಜಿಯಲ್ಲಿ ‘ಬಂದೂಕು’ ಎಂಬ ಶಬ್ದವನ್ನು ಬೇರೆಯಾಗಿ, ದಪ್ಪ ಅಕ್ಷರದಲ್ಲಿ ಹಾಕಿ ಕೇಳಬೇಕು, ಬಾಯಿಬಿಟ್ಟೂ ಕೇಳಬೇಕು.

ಮನೆಯಲ್ಲಿಡಲೂ ಆಗದ, ಕಾರಿನಲ್ಲಿಡಲೂ ಆಗದ ಒಂದು ವರ್ಗವಿದೆ: ಆಂಬುಲೆನ್ಸಿನಲ್ಲಿ ಬರುವವರು. ಹೆದ್ದಾರಿಯ ಅಪಘಾತದಲ್ಲಿ ಪ್ರಜ್ಞೆ ತಪ್ಪಿದವನ ಪ್ಯಾಂಟನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕತ್ತರಿಸುವಾಗ ಕತ್ತರಿಗೆ ಗಟ್ಟಿಯಾಗಿ ತಗಲುವುದು ಪಿಸ್ತೂಲಿನ ಹಿಡಿಯಾಗಿರಬಹುದು. ಹ್ಯೂಸ್ಟನ್, ಡಲ್ಲಾಸ್, ಫೀನಿಕ್ಸ್ ಮುಂತಾದ ನಗರಗಳ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡಿಗ ವೈದ್ಯರಿಗೆ, ನರ್ಸ್‌ಗಳಿಗೆ ಇದು ದೂರದ ಸಂಗತಿಯಲ್ಲ. ಅವರಲ್ಲಿ ಬಹಳಷ್ಟು ಜನ ತಮ್ಮ ಊರಿನಲ್ಲಿ ಪಿಸ್ತೂಲನ್ನು ಕೈಯಲ್ಲಿ ಹಿಡಿದವರೇ ಅಲ್ಲ. ಅಂಥವರಿಗೆ ನಿಯಮ ಸರಳವಾಗಿರಬೇಕು: ಮುಟ್ಟಬೇಡಿ, ಖಾಲಿ ಮಾಡಲು ಹೋಗಬೇಡಿ, ಭದ್ರತಾ ಸಿಬ್ಬಂದಿಯನ್ನು ಕರೆಯಿರಿ. ಬಂದ ಸಿಬ್ಬಂದಿ ತರಬೇತಿ ಪಡೆದವರಾಗಿದ್ದು, ಪಿಸ್ತೂಲಿನ ಕ್ರಮಸಂಖ್ಯೆಯನ್ನು ಇಬ್ಬರು ಸಾಕ್ಷಿಗಳ ಮುಂದೆ ಬರೆದು, ಚೀಟಿ ಕಟ್ಟಿ, ಇಬ್ಬರ ಕೀಲಿಯಿಲ್ಲದೆ ತೆರೆಯದ ತಿಜೋರಿಯಲ್ಲಿ ಇಟ್ಟು, ರಸೀತಿಯನ್ನು ರೋಗಿಯ ಕಡತಕ್ಕೆ ಸೇರಿಸಬೇಕು. ಹಳೆಯ ಲೆಕ್ಕವೊಂದು ಈ ಹೊರೆಯ ಅಂದಾಜು ಕೊಡುತ್ತದೆ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆ ಬಾಗಿಲಿಗೆ ಲೋಹಶೋಧಕ ಅಳವಡಿಸಿದ ಮೊದಲ ಆರು ತಿಂಗಳಲ್ಲಿ 33 ಪಿಸ್ತೂಲುಗಳು ಮತ್ತು 1,324 ಚಾಕುಗಳು ಸಿಕ್ಕಿದ್ದವು.

ಇಟ್ಟುಕೊಳ್ಳುವುದಕ್ಕಿಂತ ಹಿಂದಿರುಗಿಸುವುದು ಕಷ್ಟದ ಕೆಲಸ. ಅಮೆರಿಕದಲ್ಲಿ 2023ರಲ್ಲಿ ಬಂದೂಕಿನಿಂದ ಸತ್ತ 46,728 ಜನರಲ್ಲಿ ಸುಮಾರು 27,300 ಜನರದು ಆತ್ಮಹತ್ಯೆ. ಮಾಜಿ ಯೋಧರಲ್ಲಿ ವರ್ಷಕ್ಕೆ 6,000ಕ್ಕೂ ಹೆಚ್ಚು ಜನ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ, ಅವರಲ್ಲಿ ಹೆಚ್ಚಿನವರು ಬಂದೂಕಿನಿಂದಲೇ. ಖಿನ್ನತೆಗೆಂದು ದಾಖಲಾಗಿದ್ದವನಿಗೆ ಬಿಡುಗಡೆಯ ದಿನ ಔಷಧಿ ಚೀಟಿಯ ಜೊತೆಗೆ ಪಿಸ್ತೂಲನ್ನೂ ಕೈಗಿಡುವುದೆಂದರೆ ಏನೆಂದು ಯಾವ ವೈದ್ಯನಿಗೂ ಗೊತ್ತು. ಆದರೆ ನ್ಯಾಯಾಲಯದ ಆದೇಶವಿಲ್ಲದೆ ಒಬ್ಬನ ಸಕ್ರಮ ಸ್ವತ್ತನ್ನು ಆಸ್ಪತ್ರೆ ತಡೆಹಿಡಿಯುವಂತಿಲ್ಲ. 20ಕ್ಕೂ ಹೆಚ್ಚು ರಾಜ್ಯಗಳಲ್ಲಿ ಅಪಾಯದಲ್ಲಿರುವ ವ್ಯಕ್ತಿಯ ಬಂದೂಕನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆಯುವ ಆದೇಶ ಕೇಳಲು ಕಾನೂನಿದೆ. ಉಳಿದ ಕಡೆ ಇರುವ ಹಾದಿ ಮಾತುಕತೆಯದು. ಮನೆಯವರ ಕೈಗೆ ಕೊಡೋಣವೆಂದರೆ, ಆ ಮನೆಯವರು ಹಿಂದಿನ ಅಪರಾಧದ ಕಾರಣ ಬಂದೂಕು ಹೊಂದುವಂತಿಲ್ಲದವರಾಗಿದ್ದರೆ ಹೊಸ ಅಪರಾಧವೊಂದಕ್ಕೆ ದಾರಿಯಾಗುತ್ತದೆ. ಬಂದೂಕು ಅಂಗಡಿಗಳು ಮತ್ತು ಪೊಲೀಸ್ ಠಾಣೆಗಳು ಸ್ವಯಂಪ್ರೇರಿತವಾಗಿ ತಂದುಕೊಟ್ಟ ಬಂದೂಕುಗಳನ್ನು ಕೆಲಕಾಲ ಇಟ್ಟುಕೊಳ್ಳುವ ಜಾಗಗಳ ನಕ್ಷೆಯನ್ನು 2019ರಲ್ಲಿ ಕೊಲೊರಾಡೋ ಮೊದಲು ಸಿದ್ಧಪಡಿಸಿತು. ಬಿಡುಗಡೆಯ ವೇಳೆ ರೋಗಿಯ ಜೊತೆ ಕುಳಿತು ಆ ನಕ್ಷೆಯನ್ನು ನೋಡುವ ಐದು ನಿಮಿಷ ಒಂದು ಜೀವ ಉಳಿಸಬಹುದು.

‘ಬಂದೂಕು ನಿಷೇಧಿಸಿದ ಜಾಗವನ್ನೇ ಕೊಲೆಗಾರ ಹುಡುಕುತ್ತಾನೆ, ನಮ್ಮ ಪಿಸ್ತೂಲು ಒಳಗಿದ್ದರೆ ಅವನನ್ನು ತಡೆಯಬಹುದು’ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2022ರ ಜೂನ್ 1ರಂದು ಅಮೆರಿಕದ ಟುಲ್ಸಾ ನಗರದ ಆಸ್ಪತ್ರೆಯ ಆವರಣದಲ್ಲಿ ಬೆನ್ನು ಶಸ್ತ್ರಚಿಕಿತ್ಸೆಯ ನೋವಿನಿಂದ ಸಿಟ್ಟಾದ ರೋಗಿಯೊಬ್ಬ ವೈದ್ಯರನ್ನೂ ಸೇರಿಸಿ ನಾಲ್ವರನ್ನು ಕೊಂದ ನೆನಪು ಇನ್ನೂ ಹಸಿಯಾಗಿದೆ. ಆದರೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು 2000ದಿಂದ 2011ರವರೆಗೆ ನಡೆದ 154 ಆಸ್ಪತ್ರೆ ಗುಂಡಿನ ಪ್ರಕರಣಗಳನ್ನು ಪರಿಶೀಲಿಸಿದಾಗ ಕಂಡದ್ದು ಬೇರೆಯದೇ ಚಿತ್ರ. ಹಗೆ, ಆತ್ಮಹತ್ಯೆ, ಕಾಯಿಲೆಯ ಬಂಧುವಿಗೆ ‘ಮುಕ್ತಿ’ ಕೊಡುವ ಯತ್ನ, ಕೈದಿಯ ಪಲಾಯನ, ಇವೇ ಮುಖ್ಯ ಕಾರಣಗಳಾಗಿದ್ದವು. ತುರ್ತು ವಿಭಾಗದೊಳಗೆ ನಡೆದ ಪ್ರಕರಣಗಳಲ್ಲಿ ಶೇಕಡಾ 23ರಲ್ಲಿ ಬಳಕೆಯಾದದ್ದು ಭದ್ರತಾ ಅಧಿಕಾರಿಯಿಂದ ಕಿತ್ತುಕೊಂಡ ಬಂದೂಕು. ಅದನ್ನು ಕಾಯುವುದೇ ಕೆಲಸವಾಗಿದ್ದವರ ಕೈಯಿಂದಲೇ ಅಷ್ಟು ಸಲ ಜಾರಿದ ವಸ್ತು, ತಂದೆಯ ಹಾಸಿಗೆಯ ಪಕ್ಕದಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಕುಳಿತವನ ಸೊಂಟದಲ್ಲಿ ಎಷ್ಟು ಭದ್ರ?

ನಮ್ಮಲ್ಲಿ ಈ ಸಮಸ್ಯೆಯ ರೂಪ ಬೇರೆ. ಕರ್ನಾಟಕದಲ್ಲಿ ಬಂದೂಕಿನ ಒಡನಾಟ ಅತಿ ಹೆಚ್ಚಿರುವ ಕೊಡಗಿನಲ್ಲಿ, ಕೊಡವರಿಗೂ ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೂ ಮಡಿಕೇರಿಯ ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವವರು ತೋಟದ ಕೋವಿಯನ್ನು ಹೆಗಲಿಗೇರಿಸಿಕೊಂಡು ಹೋಗುವುದಿಲ್ಲ. ಭಾರತದ ಆಸ್ಪತ್ರೆಗಳೊಳಗೆ ಬಂದೂಕು ಹೋಗುವುದು ಹೆಚ್ಚಾಗಿ ಗಣ್ಯರ ಗನ್‌ಮ್ಯಾನ್ ಜೊತೆಗೆ. 2017ರಲ್ಲಿ ಲಖನೌದ ಸರ್ಕಾರಿ ಸಂಸ್ಥೆಯೊಂದರಲ್ಲಿ ಸಚಿವರ ಗನ್‌ಮ್ಯಾನ್ ಎಂಆರ್‌ಐ ಕೋಣೆಗೆ ನುಗ್ಗಿ, ಪಿಸ್ತೂಲು ಅಂಟಿಕೊಂಡು ಯಂತ್ರವೇ ಕೆಲಸ ನಿಲ್ಲಿಸಿತು. ಆದರೆ ಬಂದೂಕನ್ನು ಒಪ್ಪಿಸಿ ರಸೀತಿ ಪಡೆಯುವುದು ನಮಗೆ ಹೊಸತಲ್ಲ. ಪ್ರತಿ ಚುನಾವಣೆಗೂ ಪರವಾನಗಿದಾರರು ಠಾಣೆಯಲ್ಲಿ ಬಂದೂಕಿಟ್ಟು, ಎಲ್ಲ ಮುಗಿದ ಮೇಲೆ ಅದೇ ರಸೀತಿ ತೋರಿಸಿ ಮರಳಿ ಪಡೆಯುತ್ತಾರೆ.

ಚಪ್ಪಲಿ ಬಿಟ್ಟು ಬನ್ನಿ ಎನ್ನುವ ದೇವಸ್ಥಾನ ಬಾಗಿಲ ಬಳಿಯೇ ಟೋಕನ್ ಕೊಡುವ ಚಪ್ಪಲಿ ಸ್ಟ್ಯಾಂಡನ್ನೂ ಇಡುತ್ತದೆ. ಅಮೆರಿಕದ ಅರಿಜೋನಾದ ಕಾನೂನು ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ರಾಜ್ಯ ಅಥವಾ ಸ್ಥಳೀಯ ಸರ್ಕಾರದ ಕಟ್ಟಡದಲ್ಲಿ ಆಯುಧ ಬೇಡವೆಂದು ಕೇಳುವವರು ಪ್ರವೇಶದ್ವಾರದ ಹತ್ತಿರವೇ ಅದನ್ನು ಭದ್ರವಾಗಿಡುವ ತಾತ್ಕಾಲಿಕ ವ್ಯವಸ್ಥೆ ಒದಗಿಸಬೇಕು, ಹೊರಗೆ ಹೋಗುವಾಗ ತಕ್ಷಣ ಕೈಗೆ ಸಿಗುವಂತಿರಬೇಕು. ಜೈಲಿನೊಳಗೆ ಹೋಗುವ ಪೊಲೀಸರೂ ಬಾಗಿಲ ಬಳಿಯ ಇಂಥ ಉಕ್ಕಿನ ಲಾಕರಿನಲ್ಲೇ ಪಿಸ್ತೂಲಿಟ್ಟು, ಕೀಲಿ ಜೇಬಿಗೆ ಹಾಕಿಕೊಂಡು ಒಳಗೆ ಹೋಗುತ್ತಾರೆ. ಖಾಸಗಿ ಆಸ್ಪತ್ರೆಗಳಿಗೆ ಅರಿಜೋನಾದ ಈ ಕಟ್ಟುಪಾಡು ಇಲ್ಲ. ಲಾಕರ್ ಇಟ್ಟರೆ ಹೊಣೆಗಾರಿಕೆ ತಮ್ಮ ತಲೆಗೆ ಬರುತ್ತದೆಂಬುದು ಆಡಳಿತಗಳ ಸಾಮಾನ್ಯ ಆಕ್ಷೇಪ, ಮತ್ತು ಲಾಕರಿನ ಮುಂದೆ ಪಿಸ್ತೂಲು ಹೊರತೆಗೆಯುವ ಕ್ಷಣದ ಅಪಾಯವೂ ನಿಜವೇ. ಅದಕ್ಕಾಗಿ ಲಾಕರ್ ಇರುವುದು ಜನ ಓಡಾಡುವ ಮೊಗಸಾಲೆಯಲ್ಲಾಗಬಾರದು. ಭದ್ರತಾ ಸಿಬ್ಬಂದಿಯ ಕಣ್ಣೆದುರು, ಗಟ್ಟಿ ಗೋಡೆಯ ಕಡೆಗೆ ಮುಖಮಾಡಿರುವ ಸಣ್ಣ ಕೋಣೆಯಲ್ಲಿ, ಹೋಲ್‌ಸ್ಟರ್ ಸಮೇತ ಇಡುವಷ್ಟು ಅಗಲದ ಖಾನೆಗಳಿರಬೇಕು. ಹೊಣೆಯ ಭಯದಿಂದ ಲಾಕರ್ ಬೇಡವೆನ್ನುವ ಆಸ್ಪತ್ರೆ, ತನ್ನದೇ ಫಲಕ ಪಾರ್ಕಿಂಗಿಗೆ ವಾಪಸ್ ಕಳಿಸಿದ ಪಿಸ್ತೂಲು ಆ ರಾತ್ರಿ ಕಳುವಾದರೆ ತನಗೆ ಸಂಬಂಧವಿಲ್ಲವೆಂದು ಕಾಗದದ ಮೇಲೆ ಹೇಳಬಹುದು. ಅದೇ ಪಿಸ್ತೂಲಿನ ಗುಂಡು ತಗುಲಿದವನನ್ನು ಆಂಬುಲೆನ್ಸ್ ಕರೆತರುವುದು ಮಾತ್ರ ಅದೇ ಊರಿನ ತುರ್ತು ವಿಭಾಗಕ್ಕೇ.